ಮೇಲೆ ಥಳಕು, ಒಳಗೆ ಕಪ್ಪು

ಕ್ರೋಮ್ ಅನ್ನೋ ಬಣ್ಣ ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಜಗಳ ಶುರುವಾಗಿದ್ದೇ ಇಲ್ಲಿಂದ.

ಹೋದ ತಿಂಗಳು ಆಫೀಸಿನಲ್ಲಿ ಊಟಕ್ಕೆ ಕೂತಾಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದೆ. ಅಂಗೈಗಿಂತ ಸ್ವಲ್ಪ ಉದ್ದ ಇರೋ ಪ್ಲಾಸ್ಟಿಕ್ ಅಂಬಾಸಡರ್ ಕಾರಿನ ಮುಂದಿನ ಬಂಪರ್. ಅದರಲ್ಲಿ ನನ್ನ ರೂಮಿನ ಟ್ಯೂಬ್‌ಲೈಟು, ಕಿಟಕಿಯ ಸರಳು, ಮೊಬೈಲ್ ಹಿಡಿದ ನನ್ನ ಕೈ ಎಲ್ಲ ಕಾಣ್ತಿತ್ತು. ಮೂರು ವಾರದ ಕೆಲಸ ಅಂದೆ. ಟೇಬಲ್ಲಿನ ಸುತ್ತ ಮೂರು ತೀರ್ಪು ಬಂದವು.

ಮೊದಲನೆಯವನು: "ಗುರೂ, ಇದಕ್ಕೆ ಮೂರು ವಾರ ಬೇಕಿತ್ತಾ? ಕ್ರೋಮ್ ಸ್ಪ್ರೇ ಸಿಗುತ್ತಲ್ಲ, ಹೊಡೆದ್ರೆ ಹತ್ತು ನಿಮಿಷ."

ಎರಡನೆಯವನು: "ನಿನ್ನ ಅವರ್ಲಿ ರೇಟ್ ಎಷ್ಟು ಲೆಕ್ಕ ಹಾಕು. ಆ ದುಡ್ಡಿಗೆ ನಾಲ್ಕು ಒಳ್ಳೇ ಡೈಕಾಸ್ಟ್ ಕಾರು ಬರ್ತಿದ್ವು."

ಮೂರನೆಯವರು ಸ್ವಲ್ಪ ಹಿರಿಯರು, ಗಾದೆ ಹೇಳಿದರು: "ಎಷ್ಟು ಮಾಡಿದರೂ ಪ್ಲಾಸ್ಟಿಕ್ ತಾನೇ? ಮೇಲೆ ಥಳಕು, ಒಳಗೆ ಹುಳುಕು."

ನಾನು ಆಗ ನಕ್ಕು ಸುಮ್ಮನಾದೆ. ಹಾವೇರಿ ಕಡೆಯವರಿಗೆ ಸಿಟ್ಟು ಬೇಗ ಬರುತ್ತೆ ಅಂತ ಇವರು ಮೊದಲೇ ಅಂದುಕೊಂಡಿದ್ದಾರೆ, ಅದನ್ನ ಯಾಕೆ ನಿಜ ಮಾಡೋದು ಅಂತ. ಆದರೆ ಸುಮ್ಮನಾಗಿದ್ದು ತಪ್ಪಾಯ್ತು. ಈ ಮೂರೂ ಮಾತು ಒಂದು ಆಟಿಕೆ ಕಾರಿನ ಬಗ್ಗೆ ಆಡಿದವಲ್ಲ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲರ ಎಲ್ಲ ಕೆಲಸಕ್ಕೂ ನಾವು ಆಡೋ ಮಾತುಗಳೇ ಇವು. ಹಾಗಾಗಿ ಈಗ ಒಂದೊಂದಕ್ಕೂ ಉತ್ತರ ಕೊಡ್ತೀನಿ.

ಮೊದಲು ಆ ಕಾರು ಯಾರದು ಹೇಳಬೇಕು.

ನನ್ನ ಸೋದರಮಾವ ರಾಣೆಬೆನ್ನೂರಿನಲ್ಲಿ ಟ್ಯಾಕ್ಸಿ ಓಡಿಸ್ತಿದ್ರು. ಬಿಳಿ ಅಂಬಾಸಡರ್, ಡೀಸೆಲ್ ಇಂಜಿನ್ನು, ಸ್ಟಾರ್ಟ್ ಆದ್ರೆ ಇಡೀ ಓಣಿಗೆ ಗೊತ್ತಾಗೋದು. ಬ್ಯಾಡಗಿಯ ಮೆಣಸಿನಕಾಯಿ ದಲಾಲರನ್ನ ಹುಬ್ಬಳ್ಳಿಗೆ ಬಿಡೋದು, ಹೆರಿಗೆ ನೋವು ಶುರುವಾದವರನ್ನ ರಾತ್ರೋರಾತ್ರಿ ದಾವಣಗೆರೆಗೆ ಮುಟ್ಟಿಸೋದು, ಮದುವೆ ಹುಡುಗನನ್ನ ಹೂವಿನ ಮಧ್ಯೆ ಕೂರಿಸಿ ಕಾಗಿನೆಲೆಗೆ ಕರೆದೊಯ್ಯೋದು, ಎಲ್ಲಾ ಅದೇ ಗಾಡಿ. ನಮ್ಮೂರು ಬ್ಯಾಡಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಶಾಲೆ ಸೂಟಿ ಬಿಟ್ಟರೆ ಮಾಮಾನ ಮನೆ. ಬೆಳಿಗ್ಗೆ ಆರಕ್ಕೆ ಎದ್ದು ಅವರು ಮಾಡ್ತಿದ್ದ ಮೊದಲ ಕೆಲಸ, ಹಳೇ ಧೋತರದ ತುಂಡು ತಗೊಂಡು ಬಂಪರ್ ಒರೆಸೋದು. ಆಮೇಲೇ ಚಹಾ. ಆ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ತಲೆ ಬಾಚಿಕೊಳ್ತಿದ್ದೆ. ಮುಖ ಅಗಲ ಕಾಣೋದು, ಕಿವಿ ಎಲ್ಲೋ ಓಡಿಹೋಗಿರೋದು, ಆದ್ರೆ ಬೈತಲೆ ಮಾತ್ರ ಸರಿಯಾಗಿ ಬರೋದು.

ಬಾಡಿಗೆ ಕಡಿಮೆಯಾಗ್ತಾ ಬಂತು. ಎಸಿ ಇರೋ ಗಾಡಿಗಳು ಬಂದವು. ಒಂದು ದಿನ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ತಗೊಂಡು ಹೋದ. 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಿದ್ದ ಈ ಕಾರು 2014ರಲ್ಲಿ ನಿಂತೇಹೋಯ್ತು. ಪೇಪರಿನಲ್ಲಿ ಆ ಸುದ್ದಿ ಓದಿದ ಮಾಮಾ "ಹೂಂ" ಅಂದಿದ್ದಷ್ಟೇ. ಗಾಡಿ ಬಗ್ಗೆ ಅವರು ಮಾತಾಡೋದೇ ಬಿಟ್ಟಿದ್ರು. ಮನೆಯಲ್ಲಿ ಅದರದೊಂದು ಸರಿಯಾದ ಫೋಟೋನೂ ಇಲ್ಲ. ಇರೋ ಒಂದರಲ್ಲಿ ಅತ್ತಿಗೆಯ ಸೀರೆ ಸೆರಗಿನ ಹಿಂದೆ ಅರ್ಧ ಹೆಡ್‌ಲೈಟ್ ಕಾಣುತ್ತೆ.

ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಆಟಿಕೆ ಅಂಗಡಿಯಲ್ಲಿ ಈ ಪ್ಲಾಸ್ಟಿಕ್ ಅಂಬಾಸಡರ್ ಕಂಡಾಗ ತಗೊಂಡೆ. ಆಕಾರ ಪರವಾಗಿಲ್ಲ. ಬಂಪರು, ಗ್ರಿಲ್ಲು, ಚಕ್ರದ ಟೋಪಿ ಮಾತ್ರ ಮಂಕು ಬೂದಿ. ಅದನ್ನ ಸರಿಮಾಡಿ ಮಾಮಾಗೆ ಕೊಡೋಣ ಅಂತ. ವಿಷಯ ಇಷ್ಟೇ.

ಈಗ ಮೊದಲನೇ ಮಹಾಶಯನ ಹತ್ತು ನಿಮಿಷದ ಸ್ಪ್ರೇಗೆ ಬರ್ತೀನಿ.

ಅದನ್ನ ನಾನೂ ಮಾಡಿದೆ ಕಣಪ್ಪ. ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮುಚ್ಚಳ ಕನ್ನಡಿಯಂತೆ ಹೊಳೆಯೋ ಒಂದು ಕ್ಯಾನ್ ತಂದು, ಬಾಲ್ಕನಿಯಲ್ಲಿ ಪೇಪರ್ ಹಾಸಿ ಹೊಡೆದೆ. ಬಂದಿದ್ದು ಬಸ್‌ಸ್ಟ್ಯಾಂಡಿನ ಕಬ್ಬಿಣದ ಕಂಬಿಗೆ ಹಚ್ಚಿರ್ತಾರಲ್ಲ, ಆ ಸಿಲ್ವರ್. ಬೆಳ್ಳಗಿದೆ, ಮಿನುಗುತ್ತೆ, ಮುಖ ಮಾತ್ರ ಕಾಣಲ್ಲ. ಮುಚ್ಚಳ ಹೊಳೀತಿತ್ತಲ್ಲ ಅಂತ ಕೇಳಿದ್ರೆ, ಮುಚ್ಚಳಕ್ಕೆ ಆ ಬಣ್ಣ ಹೊಡೆದೇ ಇರಲ್ಲ. ಅದು ಬೇರೆ ಥರದ ಲೋಹದ ಲೇಪ. ನಮ್ಮ ಪ್ರಾಡಕ್ಟ್ ಡೆಮೋ ಥರಾನೇ.

ಯಾಕೆ ಹೀಗಾಗುತ್ತೆ ಅನ್ನೋದು ಪಿಯುಸಿ ಫಿಸಿಕ್ಸು. ಸಿಲ್ವರ್ ಬಣ್ಣದಲ್ಲಿರೋದು ಅಲ್ಯೂಮಿನಿಯಂ ಚೂರುಗಳು, ಮೀನಿನ ಹೊರಪೊರೆಯಂಥವು. ಒಂದೊಂದು ಚೂರೂ ಕನ್ನಡಿಯೇ. ಆದರೆ ಒಂದು ಪೂರ್ವಕ್ಕೆ ಮುಖ ಮಾಡಿದ್ರೆ ಇನ್ನೊಂದು ಪಶ್ಚಿಮಕ್ಕೆ. ಬೆಳಕು ದಿಕ್ಕಾಪಾಲಾಗಿ ಚದುರುತ್ತೆ, ನಮಗೆ ಕಾಣೋದು ಬೂದು ಬಣ್ಣ. ಕನ್ನಡಿ ಆಗಬೇಕಂದ್ರೆ ಎಲ್ಲಾ ಚೂರೂ ಒಂದೇ ಮಟ್ಟದಲ್ಲಿ ಮಲಗಬೇಕು. ಅವು ಮಟ್ಟವಾಗಿ ಮಲಗೋದಕ್ಕೆ ಕೆಳಗಿನ ನೆಲ ಮಟ್ಟವಾಗಿರಬೇಕು. ಎಷ್ಟು ಮಟ್ಟ? ಕಣ್ಣಿಗೆ ಕಾಣೋ ಬೆಳಕಿನ ಅಲೆಯ ಉದ್ದ ಹೆಚ್ಚುಕಮ್ಮಿ 400ರಿಂದ 700 ನ್ಯಾನೋಮೀಟರ್. ನೆಲದ ಏರುತಗ್ಗು ಅದಕ್ಕಿಂತ ಎಷ್ಟೋ ಕಡಿಮೆ ಇರಬೇಕು. ನೀವು ತಗೊಳ್ಳೋ 2000 ನಂಬರಿನ ನುಣುಪು ವಾಟರ್ ಪೇಪರಿನ ಕಾಳೇ ಸುಮಾರು 10 ಮೈಕ್ರಾನ್, ಅಂದ್ರೆ 10,000 ನ್ಯಾನೋಮೀಟರ್. ಬರೀ ತಿಕ್ಕಿದರೂ ಸಾಲಲ್ಲ ಅಂತಾಯ್ತು.

ಇದಕ್ಕೆ ದಾರಿ ತೋರಿಸಿದವರು ಯಾವ ಬಿಇಯವರೂ ಅಲ್ಲ. ರಾಣೆಬೆನ್ನೂರಿನಲ್ಲಿ ಪಿ.ಬಿ. ರೋಡಿಗೆ ಹತ್ತಿರ ಗಾಡಿಗಳಿಗೆ ಬಣ್ಣ ಹೊಡೆಯೋ ಒಬ್ಬರಿದ್ದಾರೆ. ಮಾಮಾನ ಗಾಡಿಗೂ ಎರಡು ಸಲ ಅವರೇ ಹೊಡೆದಿದ್ದು. ನನ್ನ ಮಂಕು ಬಂಪರನ್ನ ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡಿ ನಕ್ಕರು.

"ಏನ್ರೀ ಇಂಜಿನಿಯರ್ ಸಾಹೇಬ್ರ, ಕೆಸರಾಗ ರಂಗೋಲಿ ಹಾಕೀರಲ್ರೀ. ತಳಾ ಮಾಡೇ ಇಲ್ಲ ನೀವು."

"ತಳಕ್ಕ ಏನ್ ಹಚ್ಚಬೇಕ್ರೀ?"

"ಕರೀದು. ಕರೀದು ಹಚ್ಚಿ, ಅದರಾಗ ನಿಮ್ಮ ಮಾರಿ ಕಂಡ ಮ್ಯಾಲೆ ಬೆಳ್ಳಂದು. ಕರೀದರಾಗ ಕಾಣಲಿಲ್ಲಂದ್ರ ಬೆಳ್ಳಂದರಾಗೂ ಕಾಣಂಗಿಲ್ಲ."

ಈ ಒಂದು ಮಾತಿನ ಸುತ್ತ ಮೂರು ವಾರ ಹೋಯ್ತು. ಮಾಡಿದ್ದನ್ನ ಪೂರ್ತಿ ಬರೀತೀನಿ. ಯಾರಿಗಾದ್ರೂ ಉಪಯೋಗಕ್ಕೆ ಬರಲಿ, ಜೊತೆಗೆ ಹತ್ತು ನಿಮಿಷದವನಿಗೆ ಲೆಕ್ಕವೂ ಸಿಗಲಿ.

ಮೊದಲು ಹಳೇ ಹೊಳಪು ತೆಗೆಯಬೇಕು. ಆಟಿಕೆಗಳ ಮೇಲೆ, ಮಾಡೆಲ್ ಕಿಟ್‌ಗಳ ಬಿಡಿಭಾಗಗಳ ಮೇಲೆ ಕಾರ್ಖಾನೆಯಿಂದ ಬರೋ ಹೊಳಪಿನಲ್ಲಿ ಸಾಮಾನ್ಯವಾಗಿ ಕ್ರೋಮಿಯಂ ಇರೋದಿಲ್ಲ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಿ ಕೂರಿಸಿರ್ತಾರೆ. ಬಟ್ಟೆಗೆ ಹಾಕೋ ಬ್ಲೀಚ್ ದ್ರಾವಣದಲ್ಲಿ ನೆನೆಸಿಟ್ಟರೆ ಅದರ ಕ್ಷಾರಕ್ಕೆ ಕರಗಿ ಹೋಗುತ್ತೆ. ಕೈಗವಸು ಹಾಕಿಕೊಳ್ಳಿ. ಆ ಬ್ಲೀಚ್ ಇರೋ ಡಬ್ಬಿಗೆ ಟಾಯ್ಲೆಟ್ ತೊಳೆಯೋ ಆಸಿಡ್ ಒಂದು ಹನಿಯನ್ನೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಎದ್ದು ಜೀವಕ್ಕೇ ಕುತ್ತು.

ಆಮೇಲೆ ಅಚ್ಚಿನ ಗೆರೆ. ಪ್ಲಾಸ್ಟಿಕ್ ಭಾಗಗಳು ಎರಡು ಅಚ್ಚಿನ ನಡುವೆ ಹುಟ್ಟುತ್ತವೆ, ಕೂಡಿದ ಕಡೆ ಒಂದು ಸಣ್ಣ ಏಣು ಉಳಿಯುತ್ತೆ. ಬೂದಿ ಬಣ್ಣದಲ್ಲಿ ಕಾಣಲ್ಲ. ಹೊಳಪು ಬಂದ ಮೇಲೆ ಬೆಟ್ಟದಂತೆ ಕಾಣುತ್ತೆ. ಬ್ಲೇಡಿನ ಬೆನ್ನಿಂದ ಹೆರೆದು, 400, 800, 1500, 2000 ಅಂತ ಒಂದೊಂದೇ ನಂಬರ್ ಏರಿಸ್ತಾ ನೀರು ಹಾಕಿ ತಿಕ್ಕಬೇಕು. ನಡುವೆ ಒಂದು ನಂಬರ್ ಹಾರಿಸಿದ್ರೆ ಹಿಂದಿನ ಗೀರು ಹಾಗೇ ಉಳಿಯುತ್ತೆ. ನಾನು ಹಾರಿಸಿದ್ದೆ. ಮತ್ತೆ ಮೊದಲಿಂದ ಮಾಡಿದೆ.

ತೆಳ್ಳಗೆ ಪ್ರೈಮರ್. ಅದು ಒಣಗಿದ ಮೇಲೆ ಮತ್ತೆ ತಿಕ್ಕು. ಇಲ್ಲೊಂದು ಎಚ್ಚರಿಕೆ: ಗ್ಯಾರೇಜಿನಲ್ಲಿ ಬಳಸೋ ಎನ್‌ಸಿ ಥಿನ್ನರ್ ಲೋಹಕ್ಕೆ ಸರಿ, ಮಾಡೆಲ್ಲಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನ ಅದು ಕರಗಿಸಿಬಿಡುತ್ತೆ. ಹಸಿಯಾಗಿ ಸುರಿದರೆ ಬಂಪರ್ ಮೇಣದಂತೆ ಬಾಗುತ್ತೆ.

ಈಗ ಕಪ್ಪು. ಹೊಳಪಿನ ಕಪ್ಪು ಎನಾಮಲ್, ತೆಳು ತೆಳುವಾಗಿ ಎರಡು ಮೂರು ಸಲ, ಕೊನೆಯದು ಸ್ವಲ್ಪ ಹಸಿಯಾಗಿ. ಪೇಪರಿನಿಂದ ಆಗದ ಕೆಲಸ ಇಲ್ಲಿ ಆಗುತ್ತೆ. ಹಸಿ ಬಣ್ಣ ತಾನಾಗೇ ಹರಿದು, ಕೆರೆಯ ನೀರು ಮಟ್ಟವಾಗೋ ಹಾಗೆ ಮಟ್ಟವಾಗುತ್ತೆ, ಉಳಿದ ಗೀರುಗಳನ್ನ ತುಂಬುತ್ತೆ. ಕಪ್ಪೇ ಯಾಕೆ ಅಂದ್ರೆ, ಮೇಲೆ ಬರೋ ಅಲ್ಯೂಮಿನಿಯಂ ಪದರ ಬಹಳ ತೆಳು, ನಡುನಡುವೆ ಸಂದಿ ಇರುತ್ತೆ. ಸಂದಿಯಲ್ಲಿ ನುಸುಳಿದ ಬೆಳಕು ಬಿಳಿ ತಳಕ್ಕೆ ಬಡಿದ್ರೆ ಚದುರಿ ವಾಪಸ್ ಬರುತ್ತೆ, ಹೊಳಪು ಮಂಕಾಗುತ್ತೆ. ಕಪ್ಪು ತಳ ಅದನ್ನ ನುಂಗಿಬಿಡುತ್ತೆ.

ಕಪ್ಪು ಹೊಡೆದ ಮೇಲೆ ಕಾಯಬೇಕು. ನನ್ನ ಮೂರು ವಾರದಲ್ಲಿ ಹೆಚ್ಚಿನದು ಬರೀ ಕಾಯೋದೇ. ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ಒಳಗೆ ಹಸಿ ಇರುತ್ತೆ. ಪೇಂಟರ್ ಹೇಳಿಕೊಟ್ಟ ಪರೀಕ್ಷೆ: ಮೂಗಿನ ಹತ್ತಿರ ಹಿಡೀರಿ, ಥಿನ್ನರ್ ವಾಸನೆ ಬಂದ್ರೆ ಇನ್ನೂ ಆಗಿಲ್ಲ. ಅವಸರ ಮಾಡಿ ಮೇಲಿನ ಪದರ ಹೊಡೆದ್ರೆ ಅದರ ದ್ರಾವಕ ಕಪ್ಪನ್ನ ಕೆದಕಿ ಎಲ್ಲ ಮಬ್ಬಾಗುತ್ತೆ. ಮಳೆಗಾಲವಾದ್ರೆ ಇನ್ನೊಂದು ಕಾಟ. ಬೇಗ ಆರೋ ಲ್ಯಾಕರ್ ಬಣ್ಣ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬಿಳಿಚಿಕೊಳ್ಳುತ್ತೆ.

ಕೊನೆಗೆ ಬೆಳ್ಳಂದು. ಇದಕ್ಕೆ ಮಾತ್ರ ಮಾಡೆಲ್ ಮಾಡುವವರು ಬಳಸೋ ನುಣುಪು ಲ್ಯಾಕರ್, ಏರ್‌ಬ್ರಶ್, 12ರಿಂದ 15 ಪಿಎಸ್‌ಐ ಒತ್ತಡ. ಒದ್ದೆಯಾಗೋ ಹಾಗೆ ಹೊಡೆಯಬಾರದು, ಚಳಿಗಾಲದ ಮಂಜಿನ ಹಾಗೆ ಕೂರಬೇಕು. ಮೊದಲ ಸಲಕ್ಕೆ ಏನೂ ಆಗಿಲ್ಲ ಅನ್ಸುತ್ತೆ. ಎರಡನೇದಕ್ಕೆ ಕಪ್ಪು ಹೊಗೆಯಾಗುತ್ತೆ. ಮೂರನೇದಕ್ಕೆ ಇದ್ದಕ್ಕಿದ್ದಂತೆ ಕಿಟಕಿಯ ಸರಳು ಕಾಣುತ್ತೆ. ಅಲ್ಲೇ ನಿಲ್ಲಿಸಬೇಕು. ಇನ್ನೊಂದು ಸಲ ಅಂತ ಆಸೆ ಮಾಡಿದ್ರೆ ಚೂರು ಚೂರಿನ ಮೇಲೆ ಪೇರಿಸಿಕೊಂಡು ಮತ್ತೆ ಬಸ್‌ಸ್ಟ್ಯಾಂಡಿನ ಕಂಬಿ.

ಗುರುವೇ, ಇದರಲ್ಲಿ ನೀನು ಹೇಳಿದ ಹತ್ತು ನಿಮಿಷ ಎಲ್ಲಿದೆ ನೋಡು. ಇದೆ. ಕೊನೇ ಪ್ಯಾರಾದಲ್ಲಿದೆ. ಬೆಳ್ಳಂದು ಹೊಡೆಯೋಕೆ ಹತ್ತು ನಿಮಿಷವೂ ಬೇಕಾಗಲ್ಲ. ನೀನು ಕಂಡಿದ್ದು ಅದೊಂದನ್ನೇ, ಅದಕ್ಕೇ ಕೆಲಸವೇ ಅಷ್ಟು ಅಂದುಕೊಂಡೆ. ನಿನ್ನನ್ನ ಬೈದು ಏನು ಪ್ರಯೋಜನ? ನಾನೂ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಕೂತು "ಇದು ಬರೀ ಯುಐ ಚೇಂಜ್, ಅರ್ಧ ದಿನ ಸಾಕು" ಅಂತ ಬೇರೆಯವರ ಕೆಲಸಕ್ಕೆ ಅಂದಾಜು ಬರೆದವನೇ. ತಳ ಮಾಡಿದವನ ಹೆಸರು ರಿಲೀಸ್ ಮೇಲ್‌ನಲ್ಲಿ ಬರಲ್ಲ ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು.

ಎರಡನೆಯದು, ಅವರ್ಲಿ ರೇಟು.

ಈ ಲೆಕ್ಕ ನನಗೆ ಮೊದಲಿಂದಲೂ ಅರ್ಥವಾಗಿಲ್ಲ. ಕಂಪನಿ ನನ್ನ ಗಂಟೆಗೆ ಇಂತಿಷ್ಟು ಕೊಡುತ್ತೆ, ಆದ್ದರಿಂದ ನನ್ನ ಎಲ್ಲ ಗಂಟೆಗೂ ಅದೇ ಬೆಲೆ ಅಂತ ಯಾರು ತೀರ್ಮಾನ ಮಾಡಿದ್ದು? ಭಾನುವಾರ ಸಂಜೆ ನನ್ನ ಬಂಪರ್ ತಿಕ್ಕೋ ಗಂಟೆಯನ್ನ ಕೊಳ್ಳೋಕೆ ಯಾರೂ ಬಂದಿರಲಿಲ್ಲ. ಬಂದಿದ್ರೆ ಹೇಳಿ, ಬಿಲ್ ಕಳಿಸ್ತೀನಿ. ಇದೇ ಲೆಕ್ಕ ಹಿಡಿದ್ರೆ ಮಗುವಿಗೆ ಉಣ್ಣಿಸೋದು ನಷ್ಟ, ಅಪ್ಪನ ಜೊತೆ ಹೊಲದ ಬದುವಿಗೆ ಹೋಗೋದು ನಷ್ಟ. ಹತ್ತು ನಿಮಿಷದ ರೀಲ್ ನೋಡಿದ್ದನ್ನ ಮಾತ್ರ ಯಾರೂ ನಷ್ಟಕ್ಕೆ ಬರೆಯಲ್ಲ.

ಇನ್ನೊಂದು ಕಡೆಯಿಂದ ನೋಡಿ. ಆ ಪೇಂಟರ್ ನನಗೆ ಅರ್ಧ ದಿನ ಕೊಟ್ಟರು. ತಮ್ಮ ಕೆಲಸ ಬಿಟ್ಟು, ಬೈಕಿನ ಟ್ಯಾಂಕ್ ಒಂದರ ಮೇಲೆ ಕಪ್ಪು ಹೊಡೆದು ತೋರಿಸಿದ್ರು. ದುಡ್ಡು ಕೊಡೋಕೆ ಹೋದ್ರೆ "ಚಾ ಕುಡಸ್ರಿ ಸಾಕು" ಅಂದ್ರು. ಅವರ ರೇಟು ಎಷ್ಟು? ಗಾಡಿ ಮಾಲೀಕರು ಅವರ ಹತ್ತಿರ ಚೌಕಾಸಿ ಮಾಡೋದನ್ನ ನಾನು ನೋಡಿದ್ದೀನಿ. "ಬರೀ ಒಂದು ಕೋಟ್ ಹೊಡೀರಿ ಮಾರಾಯ, ತಿಕ್ಕೋದೆಲ್ಲ ಬ್ಯಾಡ" ಅಂತಾರೆ. ತಿಕ್ಕೋದಕ್ಕೆ ದುಡ್ಡು ಕೊಡೋಕೆ ಯಾರಿಗೂ ಮನಸ್ಸಿಲ್ಲ, ಹೊಳೀಬೇಕು ಮಾತ್ರ ಎಲ್ಲರಿಗೂ. ಅವರ ಹತ್ತಿರ ಕಲಿಯೋಕೆ ಈಗ ಹುಡುಗರು ಬರ್ತಾ ಇಲ್ಲ. ನಮ್ಮ ಅವರ್ಲಿ ರೇಟಿನ ಲೆಕ್ಕದ ಇನ್ನೊಂದು ತುದಿಯಲ್ಲಿ ಇವರಿದ್ದಾರೆ. ನಾಲ್ಕು ಡೈಕಾಸ್ಟ್ ಕಾರು ತಂದಿದ್ರೆ ನನಗೆ ಇವರ ಪರಿಚಯವೇ ಆಗ್ತಿರಲಿಲ್ಲ.

ಮೂರನೆಯದು ಗಾದೆ. ಇದಕ್ಕೆ ನನಗೆ ಹೆಚ್ಚು ಸಿಟ್ಟು.

ಪ್ಲಾಸ್ಟಿಕ್ಕಿನ ಮೇಲಿನ ಹೊಳಪು ಮೋಸ, ಕಬ್ಬಿಣದ ಮೇಲಿನ ಕ್ರೋಮ್ ಅಸಲಿ ಅಂತ ನೀವು ಅಂದುಕೊಂಡಿದ್ರೆ ಕೇಳಿ. ಹಳೇ ಅಂಬಾಸಡರಿನಂಥ ಕಾರುಗಳ ಉಕ್ಕಿನ ಬಂಪರಿನ ಹೊಳಪಿನಲ್ಲಿ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತ ಕಡಿಮೆ. ಅದರ ಕೆಳಗೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ ನಿಕ್ಕಲ್, ಎಷ್ಟೋ ಕಡೆ ಅದರ ಕೆಳಗೆ ತಾಮ್ರ, ಎಲ್ಲದರ ಕೆಳಗೆ ತಿಕ್ಕಿ ತಿಕ್ಕಿ ನುಣುಪು ಮಾಡಿದ ಉಕ್ಕು. ಮುಖ ಕಾಣಿಸೋ ನುಣುಪು ಬರೋದು ಈ ಕೆಳಗಿನವರಿಂದ. ಕ್ರೋಮಿಯಂ ಮೇಲೆ ಕೂತು ಗೀರು ಬೀಳದ ಹಾಗೆ, ಮಾಸದ ಹಾಗೆ ಕಾಯುತ್ತೆ, ಆ ತಣ್ಣನೆಯ ನೀಲಿ ಛಾಯೆ ಕೊಡುತ್ತೆ. ಅಸಲಿಯದೂ ಇದೇ ಕಥೆ, ತಳದ ಕಥೆ.

ಆ ಅಸಲಿಗೆ ಒಂದು ಬೆಲೆಯೂ ಇದೆ. ಲೇಪದ ತೊಟ್ಟಿಯಲ್ಲಿ ಇರೋದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುತ್ತೆ ಅಂತ ಸಾಬೀತಾದ ವಸ್ತು. ಅದರ ಆವಿಯಲ್ಲಿ ವರ್ಷಗಟ್ಟಲೆ ನಿಂತವರ ಮೂಗಿನ ನಡುಗೋಡೆಯೇ ತೂತಾಗಿರೋದು ವೈದ್ಯರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತು. ಯುರೋಪಿಯನ್ ಒಕ್ಕೂಟ 2017ರ ಸೆಪ್ಟೆಂಬರ್ ನಂತರ ವಿಶೇಷ ಅನುಮತಿ ಇಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಬಾರದು ಅಂತ ಮಾಡಿತು. ನಮ್ಮ ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ತ್ಯಾಜ್ಯ ಎರಡು ಲಕ್ಷ ಟನ್ನಿಗೂ ಹೆಚ್ಚು, ಅಲ್ಲಿನ ಅಂತರ್ಜಲಕ್ಕೂ ಇಳಿದಿದೆ. ಮಾಮಾನ ಬಂಪರಿನಲ್ಲಿ ನಾನು ತಲೆ ಬಾಚಿಕೊಳ್ಳೋಕೆ ಯಾರೋ ಎಲ್ಲೋ ಆ ತೊಟ್ಟಿಯ ಮುಂದೆ ನಿಂತಿದ್ರು. ಹುಳುಕು ಎಲ್ಲಿದೆ ಅಂತ ಹುಡುಕೋದಾದ್ರೆ ನನ್ನ ಪ್ಲಾಸ್ಟಿಕ್ ಕಾರಿಗಿಂತ ಮೊದಲು ಅಲ್ಲಿ ಹುಡುಕಿ.

ಮೇಲ್ಮೈ ಅಂದ್ರೆ ಮೋಸ ಅನ್ನೋ ಈ ಸಸಾರ ನಮ್ಮೂರ ಕಡೆ ನಡೆಯಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೆಸರು ಇರೋದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣದ ಸಾರ ತೆಗೆದು ತಿಂಡಿಗೂ ಹಾಕ್ತಾರೆ, ತುಟಿಗೆ ಹಚ್ಚೋ ರಂಗಿಗೂ ಹಾಕ್ತಾರೆ. ಆ ಕೆಂಪಿಗಾಗಿ ನಮ್ಮಪ್ಪ ಎಷ್ಟು ದಿನ ಕಣದಲ್ಲಿ ಮೋಡ ನೋಡ್ತಾ ಕೂತಿರ್ತಿದ್ರು ನನಗೆ ಗೊತ್ತು. ಒಣಗಿಸುವಾಗ ಎರಡು ಹನಿ ಮಳೆ ಬಿದ್ರೆ ಬಣ್ಣ ಹೋಯ್ತು, ಬಣ್ಣ ಹೋದ್ರೆ ರೇಟು ಹೋಯ್ತು. ನಮ್ಮ ಮನೆಯಲ್ಲಿ ಬಣ್ಣ ಅಂದ್ರೆ ಮೇಲಿನ ವಿಷಯ ಆಗಿರಲೇ ಇಲ್ಲ. ನನ್ನ ಬಿಇ ಫೀಸು ಅದರಿಂದಲೇ ಬಂದಿದ್ದು.

ಕಲಾಯಿಯವರು ನೆನಪಿದ್ದಾರಾ? ನಮ್ಮೂರಿಗೆ ಅವರು ಬಂದ್ರೆ ಮಕ್ಕಳೆಲ್ಲ ಸುತ್ತ ಸೇರ್ತಿದ್ವಿ. ಹಿತ್ತಾಳೆ ಪಾತ್ರೆಯೊಳಗೆ ಉಸುಕು ಹಾಕಿ, ಅದರಲ್ಲಿ ಕಾಲಿಟ್ಟು ಸೊಂಟ ತಿರುಗಿಸ್ತಾ ತಿಕ್ಕೋದೇ ತಾಸುಗಟ್ಟಲೆ. ಆಮೇಲೆ ತಿದಿ ಒತ್ತಿ ಕೆಂಡ ಎಬ್ಬಿಸಿ ಪಾತ್ರೆ ಕಾಯಿಸೋದು. ನವಸಾಗರದ ಬಿಳಿ ಹೊಗೆ, ಒಂದು ಚೂರು ತವರ, ಅರಳೆಯಿಂದ ಒಂದು ಸುತ್ತು ಒರೆಸಿದ್ರೆ ಬೆಳ್ಳಿ. ಆ ಕೊನೆಯ ಸುತ್ತು ಅರ್ಧ ನಿಮಿಷ. ಯಾವ ಅಜ್ಜಿಯೂ "ಅರ್ಧ ನಿಮಿಷಕ್ಕೆ ಇಷ್ಟು ದುಡ್ಡಾ?" ಅಂದಿದ್ದನ್ನ ನಾನು ಕೇಳಲಿಲ್ಲ. ಅದನ್ನ ಮೋಸ ಅಂತಲೂ ಅನ್ನಲಿಲ್ಲ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಾಡಿದ್ರೆ ಕಿಲುಬು ಹತ್ತುತ್ತೆ ಅಂತ ಅವರಿಗೆ ಗೊತ್ತಿತ್ತು. ಇನ್ನೂ ಹಿಂದಕ್ಕೆ ಹೋಗಬೇಕಂದ್ರೆ ಕಲ್ಯಾಣ ಚಾಲುಕ್ಯರ ಗುಡಿಗಳಿಗೆ ಹೋಗಿ, ನಮ್ಮ ಜಿಲ್ಲೆಯಲ್ಲೇ ಬೇಕಷ್ಟಿವೆ. ಬಳಪದ ಕಲ್ಲನ್ನ ತಿರುಗಣಿಗೆ ಹಚ್ಚಿ ನುಣುಪು ಮಾಡಿದ ಕಪ್ಪು ಕಂಬಗಳ ಮುಂದೆ ನಿಂತು ನೋಡಿ. ಯಾವ ಬಣ್ಣವನ್ನೂ ಬಳಿಯದ ಹೊಳಪು ಅದು.

ಇಷ್ಟು ಹೊತ್ತು ಬೇರೆಯವರನ್ನ ಬೈದಿದ್ದಾಯ್ತು. ಈಗ ನನ್ನ ಸರದಿ.

ಆ ಊಟದ ಟೇಬಲ್ಲಿನ ನಂತರದ ಶನಿವಾರ ರಾತ್ರಿ ಬಸ್ ಹತ್ತಿದೆ. ಕಾರನ್ನ ಡಬ್ಬಿಯಲ್ಲಿ ಅರಳೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಬೆಳಿಗ್ಗೆ ರಾಣೆಬೆನ್ನೂರಿನ ಮನೆಯಲ್ಲಿ ಮಾಮಾನ ಕೈಗೆ ಕೊಟ್ಟೆ. ಅವರು ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡ್ರು, ತಿರುಗಿಸಿ ನೋಡಿದ್ರು, ಬಂಪರನ್ನ ಕಣ್ಣಿನ ಹತ್ತಿರ ತಂದ್ರು. ನಾನು ಹೊಗಳಿಕೆಗೆ ಕಾಯ್ತಾ ಕೂತಿದ್ದೆ. ಅವರು ಹೆಗಲ ಮೇಲಿನ ಟವೆಲ್ ತಗೊಂಡು ಬಂಪರ್ ಒರೆಸಿಬಿಟ್ಟರು.

ಎಡದಿಂದ ಬಲಕ್ಕೆ ಒಂದೇ ಎಳೆತ. ಆರು ಗಂಟೆಗೆ ಎದ್ದು ಒರೆಸ್ತಿದ್ದ ಅದೇ ಕೈ.

ಹೊಳಪು ಟವೆಲ್ಲಿಗೆ ಹತ್ತಿತು. ಬಂಪರಿನ ಮೇಲೆ ಬೂದು ಪಟ್ಟಿ ಎದ್ದಿತು, ಒಂದು ಮೂಲೆಯಲ್ಲಿ ಕಪ್ಪು ಇಣುಕ್ತಿತ್ತು.

"ಹೋತಲ್ಲೋ ಅಳಿಯಾ," ಅಂದ್ರು. ಏನೋ ಒಡೆದು ಹಾಕಿದ ಮಗುವಿನ ಹಾಗೆ ಮುಖ ಮಾಡಿದ್ರು.

ಈ ಲ್ಯಾಕರ್ ಹೊಳಪಿನ ದೊಡ್ಡ ದೋಷ ನನಗೆ ಮೊದಲೇ ಗೊತ್ತಿತ್ತು. ಬೆರಳು ತಾಗಿದ್ರೂ ಮಂಕಾಗುತ್ತೆ. ಕಾಪಾಡೋಕೆ ಮೇಲೆ ವಾರ್ನಿಶ್ ಹೊಡೆದ್ರೆ ಅದರ ದ್ರಾವಕಕ್ಕೆ ಚೂರುಗಳು ಜಾಗ ಬಿಟ್ಟು ಎದ್ದು, ಕನ್ನಡಿ ಹೋಗಿ ಸಿಲ್ವರ್ ಆಗುತ್ತೆ. ಅದಕ್ಕೇ ಮಾಡೆಲ್ ಮಾಡುವವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೂರದಿಂದ ನೋಡ್ತಾರೆ. ನಾನೂ ಹಾಗೇ ಯೋಚನೆ ಮಾಡಿದ್ದೆ. ಫೋಟೋಗೆ, ಆಫೀಸಿನ ಟೇಬಲ್ಲಿಗೆ, ನನ್ನ ಕಣ್ಣಿಗೆ ಬೇಕಾದ ಹೊಳಪು ಮಾಡಿದ್ದೆ. ಮಾಮಾಗೆ ಆ ಗಾಡಿ ಅಂದ್ರೆ ಒರೆಸೋದು ಅಂತ ಮೂರು ವಾರದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ. ಬಳಸುವವರನ್ನ ಕೇಳದೆ ಪ್ರಾಡಕ್ಟ್ ಮಾಡ್ತಾರೆ ಅಂತ ಮ್ಯಾನೇಜರುಗಳನ್ನ ಬೈಯ್ತೀವಲ್ಲ, ನಾನು ಮಾಡಿದ್ದೂ ಅದೇ. ಆ ಮೂರು ಜನರಲ್ಲಿ ಯಾರೂ ಈ ತಪ್ಪು ಹಿಡಿಯಲಿಲ್ಲ. ಹಿಡಿದಿದ್ದು ಒಂದು ಟವೆಲ್ಲು.

ಮತ್ತೆ ಮಾಡಿದ್ವಿ. ಈ ಸಲ "ಮಾಡಿದೆ" ಅಲ್ಲ.

ದಾರಿ ಬದಲಾಯಿಸಿದೆ. ಮಾಡೆಲ್ ಮಾಡುವವರ ಹತ್ತಿರ ಇನ್ನೊಂದು ಹಳೇ ವಿದ್ಯೆ ಇದೆ: ಅಂಟಿರೋ, ಕೂದಲಿಗಿಂತ ತೆಳುವಾದ ಲೋಹದ ಹಾಳೆ. ಕತ್ತರಿಸಿ ಮೇಲಿಟ್ಟು, ಕಿವಿಗೆ ಹಾಕೋ ಹತ್ತಿಕಡ್ಡಿಯಿಂದ ನಡುವಿನಿಂದ ಅಂಚಿಗೆ ಉಜ್ಜಿ ಕೂರಿಸಬೇಕು. ಹೆಚ್ಚಾದದ್ದನ್ನ ಹೊಸ ಬ್ಲೇಡಿನಿಂದ ಕೊಯ್ದು ತೆಗೀಬೇಕು. ಇದು ನಿಜವಾದ ಲೋಹ, ಆದ್ದರಿಂದ ಒರೆಸಿದ್ರೆ ಹೋಗಲ್ಲ. ಉಜ್ಜಿದಷ್ಟೂ ಹೊಳಪು ಹೆಚ್ಚು. ತಳದಲ್ಲಿ ಒಂದು ಧೂಳಿನ ಕಣ ಇದ್ರೂ ಗುಳ್ಳೆಯಾಗಿ ಎದ್ದು ಕಾಣುತ್ತೆ, ಹಾಗಾಗಿ ತಿಕ್ಕೋದರಿಂದ ಇದರಲ್ಲೂ ಬಿಡುಗಡೆ ಇಲ್ಲ.

ಬಂಪರನ್ನ ಬರಿ ಪ್ಲಾಸ್ಟಿಕ್ಕಿಗೆ ತಂದು, ನೀರಿನ ಬಟ್ಟಲು, 2000 ನಂಬರಿನ ಪೇಪರ್ ಮಾಮಾನ ಮುಂದೆ ಇಟ್ಟೆ. ಅವರ ಕೈ ಈಗ ಸ್ವಲ್ಪ ನಡುಗುತ್ತೆ. ಆದರೆ ತಿಕ್ಕುವಾಗ ನಡುಗಲಿಲ್ಲ. ಪಡಸಾಲೆಯಲ್ಲಿ ಕೂತು ತಿಕ್ಕುತ್ತಾ, ಒಮ್ಮೆ ಮೋಟೆಬೆನ್ನೂರಿನ ಹತ್ತಿರ ರಾತ್ರಿ ಎರಡಕ್ಕೆ ಫ್ಯಾನ್‌ಬೆಲ್ಟ್ ಹರಿದಾಗ ಒಳಗೆ ಹೆರಿಗೆಗೆ ಹೊರಟವಳು ಇದ್ದದ್ದು, ಅವಳ ಅವ್ವ ತನ್ನ ಸೀರೆಯ ಅಂಚು ಹರಿದು ಕೊಟ್ಟು ಅದನ್ನೇ ಹೊಸೆದು ಬೆಲ್ಟಿನ ಬದಲು ಕಟ್ಟಿ ಹಾವೇರಿ ತನಕ ಗಾಡಿ ತಂದದ್ದು ಹೇಳಿದ್ರು. ನಾನು ಈ ಕಥೆ ಯಾವತ್ತೂ ಕೇಳಿರಲಿಲ್ಲ. ಅತ್ತಿಗೂ ಗೊತ್ತಿರಲಿಲ್ಲವಂತೆ.

ಈಗ ಆ ಕಾರು ಟಿವಿ ಪಕ್ಕದ ಗೂಡಿನಲ್ಲಿದೆ. ಲೋಹದ ಹಾಳೆಯ ಹೊಳಪು ಲ್ಯಾಕರಿನಷ್ಟು ಆಳವಿಲ್ಲ, ಬಂಪರಿನ ಎಡ ಮೂಲೆಯಲ್ಲಿ ಒಂದು ಸುಕ್ಕು ಉಳಿದಿದೆ. ಫೋಟೋದಲ್ಲಿ ಮೊದಲಿನದ್ದೇ ಚೆಂದ. ಮಾಮಾ ದಿನಾ ಬೆಳಿಗ್ಗೆ ಒರೆಸ್ತಾರಂತೆ, ಅತ್ತಿ ಫೋನಿನಲ್ಲಿ ಹೇಳಿದ್ರು. ಆಮೇಲೇ ಚಹಾ.

ಹಾಗಾಗಿ ಊಟದ ಟೇಬಲ್ಲಿನ ಗೆಳೆಯರೇ, ನನ್ನ ಉತ್ತರ ಇಷ್ಟು. ಹತ್ತು ನಿಮಿಷದ ಕ್ಯಾನ್ ತಗೊಳ್ಳಿ, ಗೇಟಿಗೆ ಚೆನ್ನಾಗಿರುತ್ತೆ. ಗಂಟೆಯ ಲೆಕ್ಕ ಟೈಮ್‌ಶೀಟಿನಲ್ಲಿ ಬರೀರಿ, ಅಲ್ಲಿ ಅದಕ್ಕೆ ಕಾಲಂ ಇದೆ. ಯಾವುದಾದ್ರೂ ಹೊಳೆಯೋದನ್ನ ಕಂಡಾಗ ಮಾತ್ರ, ಇದರ ತಳ ತಿಕ್ಕಿದವರು ಯಾರು, ಅವರಿಗೆ ಎಷ್ಟು ಕೊಟ್ಟರು ಅಂತ ಒಂದು ಸಲ ಕೇಳಿ. ಗಾದೆ ಹೇಳೋದಿದ್ರೆ ಆಮೇಲೆ ಹೇಳಿ.

ರಾಣೆಬೆನ್ನೂರು ಕಡೆ ಹೋದ್ರೆ ಪಿ.ಬಿ. ರೋಡಿನ ಹತ್ತಿರ ಗಾಡಿಗೆ ಬಣ್ಣ ಹೊಡೆಸಿ. "ತಿಕ್ಕೋದು ಬ್ಯಾಡ" ಅನ್ನಬೇಡಿ.